ಹೊಸ ಎಳೆತ

"ನಾ..." ಎಂದರು ಭಾವ. ತುಟಿಯ ಎಡಗಡೆ ಮಾತ್ರ ಅಲುಗಿತು, ಗಂಟಲಲ್ಲಿ ಏನೋ ಉರುಳಿತು, ಮಾತು ಅಲ್ಲಿಗೇ ನಿಂತುಹೋಯಿತು.

"ನಾನು," ಎಂದು ಅಕ್ಕ ಕಿಟಕಿಯ ಕಡೆಯಿಂದ ಬಾಗಿ ಹೇಳಿಕೊಟ್ಟಳು. "ಹೇಳಿ ನೋಡೋಣ. ನಾ-ನು."

ಭಾವ ಅದಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. ಸ್ಟೇರಿಂಗ್ ಹಿಡಿದಿದ್ದ ಅವಳ ತಮ್ಮ ಪಾನಾ ರಸ್ತೆಯಿಂದ ಕಣ್ಣು ಕೀಳಲಿಲ್ಲ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದರು. ಭಾವ ನಡುವೆ. ತಿರುವು ಬಂದಾಗಲೆಲ್ಲ ಅವರ ಸ್ವಾಧೀನವಿಲ್ಲದ ಬಲಗೈ ಜಾರಿ ಪಾನಾನ ತೊಡೆಯ ಮೇಲೆ ಬೀಳುತ್ತಿತ್ತು. ಗಾಡಿ ಮಾತ್ರ ಗುಡ್ಡದ ಏರನ್ನು ಮೂರನೇ ಗೇರಿನಲ್ಲೇ, ಉಸಿರು ಕಟ್ಟದೆ ಹತ್ತುತ್ತಿತ್ತು.

"ಒಂದಂತೂ ಒಪ್ಪಬೇಕು," ಎಂದಳು ಅಕ್ಕ. "ನೀನು ಈ ಇಂಜಿನ್ ಸರಿ ಮಾಡದೇ ಇದ್ದಿದ್ರೆ ವಾರವಾರ ಇವರನ್ನ ಈ ಗುಡ್ಡ ಹತ್ತಿಸೋಕೆ ಆಗ್ತಿರಲಿಲ್ಲ."

ಪಾನಾ ತನ್ನ ತೊಡೆಯ ಮೇಲೆ ಬಿದ್ದಿದ್ದ ಭಾವನ ಕೈಯನ್ನೆತ್ತಿ ಅವರ ಮಡಿಲಲ್ಲಿಟ್ಟ.

ಅಂಗಿ ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ನಟ್ಟು ಬಿಗಿಯುವ ಪಾನಾ ಸಿಕ್ಕಿಸಿಕೊಂಡು ತಿರುಗುವವನಿಗೆ ಬೀದಿಯವರು ಇಟ್ಟ ಹೆಸರು ಅದು. ಹೆಂಡತಿಯೂ ಕೋಪ ಬಂದಾಗ ಹಾಗೇ ಕರೆಯುತ್ತಿದ್ದಳು. ಸಾಮಾನು ಸಾಗಿಸುವುದು ಅವನ ಕಸುಬು, ಅದರಲ್ಲೂ ಹೆಚ್ಚಿನದೆಲ್ಲ ಭಾವನ ಕೈಕೆಲಸವೇ. ಭಾವ ಬಡಗಿ. ಪಕ್ಕದ ಬೀದಿಯ ತಮ್ಮ ಕೊಟ್ಟಿಗೆಯಲ್ಲಿ ಅವರು ಮಾಡಿದ ಮಂಚ, ಬೀರು, ಮೇಜುಗಳನ್ನು ಗುಡ್ಡದಾಚೆಯ ಪಟ್ಟಣಕ್ಕೆ ಮುಟ್ಟಿಸುವುದು ಇವನ ಪಾಲಿನದು. ಹಳೆಯ ಡೀಸೆಲ್ ಗಾಡಿ. ಸಪಾಟು ರಸ್ತೆಯಲ್ಲಿ ಬಂಗಾರ, ಏರು ಬಂದರೆ ದಮ್ಮಿನ ರೋಗಿ.

ಒಮ್ಮೆ ಜೋಡಿ ಬಾಗಿಲ ಬೀರು ಹೇರಿಕೊಂಡು ಹೋಗುವಾಗ ಗಾಡಿ ಗುಡ್ಡದ ನಡುವೆ ನಿಂತೇ ಹೋಯಿತು. ಬೀರು ಕೊಂಡ ಸಾಹುಕಾರರ ಕಾರು ಹಿಂದೆಯೇ ಬರುತ್ತಿತ್ತು. ಭಾವ ಇಳಿದು, ಪಂಚೆ ಎತ್ತಿಕಟ್ಟಿ ಹಿಂದಿನಿಂದ ನೂಕುತ್ತ, "ನಮ್ಮ ಗಾಡಿಗೆ ಈ ಗುಡ್ಡ ಅಂದ್ರೆ ಮುನಿಸಿಕೊಂಡ ಅಳಿಯನಿಗೆ ಮಾವನ ಮನೆ ಇದ್ದ ಹಾಗೆ ಸ್ವಾಮಿ. ಹತ್ತು ಜನ ನೂಕಿದರೂ ಹೊಸಿಲು ದಾಟಲ್ಲ," ಎಂದರು. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾನಾನೂ ನಕ್ಕ. ಭಾವನ ಮಾತಿನಲ್ಲಿ ವಿಷವಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಅದು ಉಗುರಿನ ಸಂದಿಗೆ ಹೊಕ್ಕ ಸಿಬಿರಿನಂತೆ ಒಳಗೇ ಉಳಿಯಿತು.

ಗುಜರಿಯಿಂದ ಟರ್ಬೊ ತಂದದ್ದು ಅದಾದ ಮೇಲೆ. ಸುಮ್ಮನೆ ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ, ಇಂಜಿನ್ನಿನೊಳಕ್ಕೆ ಇನ್ನಷ್ಟು ಗಾಳಿ ತುರುಕುವ ಬಸವನಹುಳುವಿನಂಥ ಡಬ್ಬಿ ಅದು. ಮನೆಯ ಪಕ್ಕದ ತಗಡಿನ ಚಪ್ಪರದ ಕೆಳಗೆ ಗಾಡಿ ನಿಲ್ಲಿಸಿ ಬಾನೆಟ್ ಕಳಚಿಟ್ಟ. ಚೆನ್ನಾಗಿ ಓಡುವುದನ್ನು ಬಿಚ್ಚಿ ಹಾಕುವುದು ಇಲ್ಲದ ಹುಣ್ಣು ಕೆರೆದುಕೊಂಡ ಹಾಗೆ ಎಂದು ಹೆಂಡತಿ ಗೊಣಗಿದಳು. ಅವನ ಕಿವಿಗೆ ಅದು ಬೀಳಲಿಲ್ಲ. ಹೊಸ ರೇಡಿಯೇಟರ್, ದಪ್ಪ ಸೈಲೆನ್ಸರ್ ಪೈಪು, ಟರ್ಬೊಗೆ ಎಣ್ಣೆ ಹೋಗುವ ಸಣ್ಣ ಕೊಳವೆ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯ ಮೇಲೆ ಸಾಲಾಗಿ ಜೋಡಿಸಿದ. ಮದುವೆಯಾದ ಹೊಸತರಲ್ಲೂ ಅವನು ಅಷ್ಟು ಸಂತೋಷವಾಗಿರಲಿಲ್ಲ ಎಂದು ಹೆಂಡತಿ ಅಕ್ಕನ ಮುಂದೆ ದೂರಿಕೊಂಡಳು.

ಭಾವ ಚಪ್ಪರಕ್ಕೆ ಬಂದದ್ದು ಅಂಥ ಒಂದು ಮಧ್ಯಾಹ್ನ. ಪಾನಾನ ತಲೆ, ಎರಡೂ ಕೈ ಇಂಜಿನ್ನಿನ ಸಂದಿಯಲ್ಲಿದ್ದವು.

"ಗಾಡಿ ಹೊರಡುತ್ತೇನೋ?" ಎಂದು ಕೇಳಿದರು. ಬಲಗೈ ಯಾಕೋ ಜೋಮು ಹಿಡಿದ ಹಾಗಿದೆ, ಉಳಿ ಹಿಡಿದರೆ ಜಾರುತ್ತದೆ, ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದರೆ ಹೇಗೆ ಅಂತ ಅನ್ನಿಸಿತು ಎಂದರು. ಮಾತು ತುಸು ತೊದಲಿದಂತಿತ್ತು. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವರಿಗೆ. ಅದೇ ಇರಬೇಕು ಎಂದುಕೊಂಡ ಪಾನಾ ತಲೆ ಎತ್ತಿ ನೋಡಲಿಲ್ಲ.

ಗಾಡಿ ಹೊರಡಿಸಬಹುದಿತ್ತು. ಹಳೆಯ ಪೈಪು ಅಲ್ಲೇ ಗೋಡೆಗೆ ಒರಗಿತ್ತು. ಅದನ್ನೇ ಮತ್ತೆ ಬಿಗಿದು ನೀರು ತುಂಬಿಸಿದ್ದರೆ ಸಂಜೆಯೊಳಗೆ ಗಾಡಿ ರಸ್ತೆಗಿಳಿಯುತ್ತಿತ್ತು. ಆದರೆ ಬಿಗಿದದ್ದನ್ನು ಮತ್ತೆ ಬಿಚ್ಚಬೇಕು, ಎರಡೆರಡು ಕೆಲಸ. ಟರ್ಬೊ ಕೂರಿಸುವ ಜಾಗ ಆಗಷ್ಟೇ ಸರಿಯಾಗಿ ಹೊಂದಿಕೊಂಡಿತ್ತು.

"ನಾಳೆ ಹೋಗೋಣ ಭಾವ. ನಾಳೆ ಇದು ಕೂತುಬಿಡುತ್ತೆ. ಹೊಸ ಎಳೆತದಲ್ಲೇ ಕರ್ಕೊಂಡು ಹೋಗ್ತೀನಿ, ನೋಡ್ತಾ ಇರಿ."

"ನಾಳೇನಾ?"

"ನಾಳೆ."

"ಆಯ್ತು ಬಿಡು," ಎಂದರು ಭಾವ. ಇನ್ನೊಂದು ಗಳಿಗೆ ನಿಂತಿದ್ದು, ಹೊರಟುಹೋದರು.

ಮರುದಿನ ಬೆಳಗ್ಗೆ ಕೊಟ್ಟಿಗೆಯಲ್ಲಿ, ಕೀಸಿದ ಹೊಟ್ಟಿನ ಮೇಲೆ ಬಿದ್ದಿದ್ದ ಅವರನ್ನು ಅಕ್ಕ ನೋಡಿದಳು. ಓಡಿ ಬಂದು ಚಪ್ಪರದ ಮುಂದೆ ನಿಂತು ತಮ್ಮನ ಮುಖ ನೋಡಿದಳು, ಗಾಡಿ ನೋಡಿದಳು. ರೇಡಿಯೇಟರ್ ಇನ್ನೂ ನೆಲದ ಮೇಲಿತ್ತು. ಪಾನಾ ಬರಿಗಾಲಲ್ಲಿ ದೊಡ್ಡ ರಸ್ತೆಗೆ ಓಡಿ, ಹೋಗಿ ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಾಕಿ, ಕೊನೆಗೆ ಐಸ್ ಫ್ಯಾಕ್ಟರಿಯ ವ್ಯಾನೊಂದನ್ನು ನಿಲ್ಲಿಸಿದ. ಒದ್ದೆ ಮರದ ಹಲಗೆಗಳ ಮೇಲೆ ಭಾವನನ್ನು ಮಲಗಿಸಿಕೊಂಡು ಹೋದರು. ಮೆದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತಿದೆ, ಬಲಗಡೆ ಸ್ವಾಧೀನ ಹೋಗಿದೆ, ಮಾತೂ ಹೋಗಿದೆ ಎಂದರು ಡಾಕ್ಟರು. ಮೊದಲೇ ಏನಾದರೂ ಸೂಚನೆ ಇರಲಿಲ್ಲವೇ, ಕೈ ಜೋಮು, ನಾಲಿಗೆ ತೊದಲು? ಆಗಲೇ ಬಂದಿದ್ದರೆ ಬೇರೆಯೇ ಆಗುತ್ತಿತ್ತೇನೋ.

"ಇಲ್ಲ ಡಾಕ್ಟ್ರೇ," ಎಂದಳು ಅಕ್ಕ. "ಏನೂ ಇರಲಿಲ್ಲ. ನನ್ನ ಹತ್ರ ಒಂದು ಮಾತೂ ಹೇಳಲಿಲ್ಲ."

ಪಾನಾ ಪಕ್ಕದಲ್ಲೇ ನಿಂತಿದ್ದ. ಬಾಯಿ ತೆರೆದ. ಗೋಡೆಯ ಮೇಲಿದ್ದ ಮೆದುಳಿನ ಚಿತ್ರವನ್ನು ನೋಡಿದ. ಬಾಯಿ ಮುಚ್ಚಿದ.

ಆಮೇಲೆ ನೋಡಲು ಬಂದವರಿಗೆಲ್ಲ ಅಕ್ಕ ಹೇಳುತ್ತಿದ್ದಳು: ತಮ್ಮನ ಗಾಡಿ ರಿಪೇರಿಗೆ ಬಿಚ್ಚಿತ್ತು, ಪಾಪ, ಅವನಾದರೂ ಏನು ಮಾಡ್ತಾನೆ. ರಿಪೇರಿ ಎಂಬ ಮಾತು ಕೇಳಿದಾಗಲೆಲ್ಲ ಅವನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದ. ಕೆಟ್ಟದ್ದನ್ನು ಸರಿ ಮಾಡುವುದಲ್ಲವೇ ರಿಪೇರಿ? ಆ ಗಾಡಿಯಲ್ಲಿ ಏನು ಕೆಟ್ಟಿತ್ತು?

ಭಾವನನ್ನು ಮನೆಗೆ ಕರೆತರುವ ಹೊತ್ತಿಗೆ ಗಾಡಿ ಕೂಡಿಸಲೇಬೇಕಾಯಿತು. ಹಳೆಯದನ್ನೇ ಬಿಗಿಯೋಣವೆಂದು ಪೈಪು ಕೈಗೆತ್ತಿಕೊಂಡ. ಈಗ ಅದನ್ನು ಬಿಗಿದು ಯಾವ ಪುರುಷಾರ್ಥ ಎನ್ನಿಸಿ ಕೆಳಗಿಟ್ಟು, ಟರ್ಬೊವನ್ನೇ ಕೂರಿಸಿದ. ವಾರಕ್ಕೊಮ್ಮೆ ಕೈಕಾಲಿನ ವ್ಯಾಯಾಮಕ್ಕೆ, ಮಾತು ಕಲಿಸುವ ಟೀಚರಮ್ಮನ ಹತ್ತಿರಕ್ಕೆ ಹೋಗಬೇಕಿತ್ತು. ಮೊದಲ ಸಲ ಆಸ್ಪತ್ರೆಗೆ ಹೊರಟಾಗ, ಭಾವ ಪಕ್ಕದಲ್ಲಿ ಸೀಟಿಗೆ ಒರಗಿದ್ದರು, ಗುಡ್ಡ ಎದುರಿಗೆ ಬಂತು. ಪಾನಾ ಕಾಲು ಒತ್ತಿದ. ಸಣ್ಣ ಶಿಳ್ಳೆಯೊಂದು ಎದ್ದು, ಬೆನ್ನ ಹಿಂದಿನಿಂದ ಯಾರೋ ಅಂಗೈ ಕೊಟ್ಟು ನೂಕಿದಂತೆ ಗಾಡಿ ಏರಿಬಿಟ್ಟಿತು. ಅವನ ಎದೆ ಕುಣಿಯಿತು. ತಡೆಯುವ ಮೊದಲೇ ಮುಖದಲ್ಲಿ ನಗು ಬಂದಿತ್ತು. ತಿರುಗಿದಾಗ ಭಾವ ಅವನನ್ನೇ ನೋಡುತ್ತಿದ್ದರು.

ಆ ನೋಟದಲ್ಲಿ ಏನಿತ್ತೆಂದು ಅವನಿಗೆ ಇವತ್ತಿಗೂ ತಿಳಿಯದು. ಕೇಳಲು ಧೈರ್ಯವಿಲ್ಲ, ಹೇಳಲು ಅವರಿಗೆ ಬಾಯಿಲ್ಲ. ಆ ಮಧ್ಯಾಹ್ನದ ಮಾತು ಗೊತ್ತಿದ್ದವರು ಇಬ್ಬರೇ. ಟೀಚರಮ್ಮ ಚಿತ್ರಗಳನ್ನು ತೋರಿಸಿ ಬಾಚಣಿಗೆ, ಬಾಗಿಲು, ಬೆಕ್ಕು ಎಂದು ಹೇಳಿಸುವಾಗ ಪಾನಾ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದ. ಭಾವ ಒಂದು ಪದ ಗೆದ್ದರೆ ಅಕ್ಕನ ಕಣ್ಣು ತುಂಬುತ್ತಿತ್ತು, ಅವನು ಮುಂದಿನ ಪದ ಯಾವುದು ಬಂದೀತೋ ಎಂದು ಅಂಜುತ್ತಿದ್ದ. ಏನೂ ಬಾರದ ದಿನಗಳಲ್ಲಿ ಒಳಗೆಲ್ಲೋ ಹಗುರಾಗುತ್ತಿತ್ತು. ಹಗುರಾಯಿತೆಂದು ಗೊತ್ತಾದಾಗ ತನ್ನ ಮೈ ತನಗೇ ಹೇಸಿಗೆ ಎನ್ನಿಸುತ್ತಿತ್ತು.

ಈಚೆಗೆ ಹೊಸದೊಂದು ಶುರುವಾಗಿತ್ತು. ಗಾಡಿ ಹತ್ತಿ ಕೂತರೆ ಸಾಕು, ಭಾವ "ನಾ..." ಎನ್ನುತ್ತಿದ್ದರು. ಮನೆಯಲ್ಲಿ ಇಲ್ಲ, ಆಸ್ಪತ್ರೆಯಲ್ಲಿ ಇಲ್ಲ, ಇಲ್ಲಿ ಮಾತ್ರ. ಅಕ್ಕ ಅದನ್ನು ನಾನು ಎಂದುಕೊಂಡಳು, ನಾಯಿ ಎಂದುಕೊಂಡಳು, ನಾಲಿಗೆ ಎಂದುಕೊಂಡು ಬಾಯಿ ತೆರೆಸಿಯೂ ನೋಡಿದಳು. ಅದೇನೆಂದು ಪಾನಾನಿಗೆ ಮೊದಲ ದಿನವೇ ಗೊತ್ತಾಗಿತ್ತು.

ಇವತ್ತು ಗುಡ್ಡದ ನೆತ್ತಿಯ ತಿರುವು ದಾಟುವಾಗ ಭಾವ ಎಡಗೈಯಿಂದ ಎದುರಿನ ಡ್ಯಾಶ್‌ಬೋರ್ಡನ್ನು ಹಿಡಿದುಕೊಂಡರು. ಕತ್ತಿನ ನರ ಉಬ್ಬಿತು.

"ನಾ... ಳೆ," ಎಂದರು.

ಅಕ್ಕ ಚಪ್ಪಾಳೆ ತಟ್ಟಿದಳು. "ನಾಳೆ! ಕೇಳಿಸಿತಾ? ಎಷ್ಟು ಸ್ಪಷ್ಟವಾಗಿ ಹೇಳಿದ್ರು. ನಾಳೆ ಏನ್ರೀ? ನಾಳೆ ಏನಿದೆ?" ಅವಳು ಸೆರಗಿನಿಂದ ಗಂಡನ ಗಲ್ಲ ಒರೆಸಿದಳು. ಒರೆಸುತ್ತ ನಗುತ್ತಿದ್ದಳು. ಬಹಳ ದಿನಗಳ ಮೇಲೆ ಅವಳು ಹಾಗೆ ನಕ್ಕದ್ದು.

ಪಾನಾ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಇಂಜಿನ್ ಆರಿಸಿದ.

"ಅದು ನಾನು ಹೇಳಿದ ಮಾತು ಅಕ್ಕ," ಎಂದ. "ಬೀಳೋ ಹಿಂದಿನ ದಿನ ಭಾವ ಬಂದಿದ್ರು. ಕೈ ಜೋಮು ಹಿಡಿದಿದೆ, ಆಸ್ಪತ್ರೆಗೆ ಕರ್ಕೊಂಡು ಹೋಗು ಅಂದ್ರು. ನಾಳೆ ಹೋಗೋಣ ಅಂದೆ."

"ಗಾಡಿ ಬಿಚ್ಚಿತ್ತಲ್ಲ."

"ಸಂಜೆಯೊಳಗೆ ಕೂಡಿಸಬಹುದಿತ್ತು. ಕೂಡಿಸಲಿಲ್ಲ. ತಲೆ ಎತ್ತಿ ಅವರ ಮುಖ ಕೂಡ ನೋಡಲಿಲ್ಲ."

ಬಿಸಿಯಾದ ಪೈಪು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಅಕ್ಕ ಗಂಡನ ಕಡೆ ತಿರುಗಿದಳು. ಹೌದಾ ಎಂದು ಬಾಯಿಬಿಟ್ಟು ಕೇಳಲಿಲ್ಲ. ಭಾವ ಕಣ್ಣು ಮುಚ್ಚಿ, ತೆರೆದು, "ಹೂಂ," ಎಂದರು.

"ನನಗ್ಯಾಕೆ ಹೇಳಲಿಲ್ಲ ನೀವು?" ಎಂದಳು ಅವಳು. "ನಾನು ಮನೆಯಲ್ಲೇ ಇದ್ದೆನಲ್ಲ. ಅವನನ್ನ ಕೇಳಿದ್ರಿ, ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?"

ಭಾವನ ತುಟಿ ಅಲುಗಿತು. ಇದಕ್ಕೆ ಯಾವ ಚಿತ್ರವನ್ನೂ ಟೀಚರಮ್ಮ ತೋರಿಸಿರಲಿಲ್ಲ.

ಅಕ್ಕ ಬಯ್ಯುತ್ತಾಳೆಂದು ಪಾನಾ ಕಾದ. ಬಯ್ದರೆ ತಲೆ ಬಗ್ಗಿಸಿ ಕೇಳಿಸಿಕೊಳ್ಳುವುದಕ್ಕೆ ಇಷ್ಟು ದಿನದಿಂದ ಸಿದ್ಧನಾಗಿದ್ದ. ಮಾತು ಬಾರದ ದಿನಗಳಲ್ಲಿ ತನಗೆ ಹಗುರಾಗುತ್ತಿತ್ತು ಎಂಬುದನ್ನೂ ಹೇಳಿಬಿಡಬೇಕೆನ್ನಿಸಿತು. ಅದನ್ನು ಮಾತ್ರ ಹೇಳಲಾಗಲಿಲ್ಲ.

"ಗಾಡಿ ಬಿಡು," ಎಂದಳು ಅಕ್ಕ, ಕಿಟಕಿಯಾಚೆ ನೋಡುತ್ತ. "ಟೀಚರಮ್ಮ ಕಾಯ್ತಿರ್ತಾರೆ."

ಪಾನಾ ಗಾಡಿ ಚಾಲೂ ಮಾಡಿ ಇಳಿಜಾರಿಗಿಳಿಸಿದ. ಆಸ್ಪತ್ರೆಯ ಮುಂದೆ ಅವನು ಎಂದಿನಂತೆ ಭಾವನ ಬಲಗಡೆ ಹೆಗಲು ಕೊಡಲು ಓಡಿ ಬಂದ. ಅಷ್ಟರಲ್ಲಿ ಅಕ್ಕನೇ ಅವರನ್ನು ಇಳಿಸಿಕೊಂಡಿದ್ದಳು. ಅವರ ತೋಳನ್ನು ತನ್ನ ಕತ್ತಿನ ಸುತ್ತ ಹಾಕಿಕೊಂಡು, ತುಟಿ ಕಚ್ಚಿ, ಒಂದೊಂದೇ ಮೆಟ್ಟಿಲು ಹತ್ತಿಸತೊಡಗಿದಳು. ಪಾನಾ ಗಾಡಿಯ ಬಾಗಿಲು ಹಿಡಿದು ಅಲ್ಲೇ ನಿಂತ. ಕರೆಯದೆ ಹೋಗುವುದು ಹೇಗೆ, ಹೋಗದೆ ನಿಲ್ಲುವುದು ಹೇಗೆ ಎಂದು ತಿಳಿಯಲಿಲ್ಲ.

ಆಸ್ಪತ್ರೆಯ ಬಾಗಿಲ ಹತ್ತಿರ ಅವರಿಬ್ಬರೂ ನಿಂತರು. ಅಕ್ಕ ಹಿಂದಿರುಗಿ ನೋಡದೆಯೇ, ಇವರ ಬಲಗಾಲಿನ ಚಪ್ಪಲಿ ಗಾಡಿಯಲ್ಲೇ ಕಳಚಿಬಿದ್ದಿದೆ, ತಗೊಂಡು ಬಾ ಎಂದಳು.

ಅದು ಸೀಟಿನ ಅಡಿಗೆ ಸರಿದಿತ್ತು. ಪಾನಾ ಹುಡುಕಿ ತೆಗೆದು, ಮೆಟ್ಟಿಲು ಹತ್ತಿ, ಭಾವನ ಮುಂದೆ ಮಂಡಿಯೂರಿ ಕೂತ. ಮಣ್ಣು ಮೆತ್ತಿದ್ದ ಅಂಗಾಲನ್ನು ಅಂಗೈಯಿಂದ ಒರೆಸಿದ. ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಟ್ಟಿಯೊಳಗೆ ತೂರಿಸತೊಡಗಿದ. ಭಾವ ಸ್ವಲ್ಪ ವಾಲಿದರು. ಬೀಳದಂತೆ ಎಡಗೈಯನ್ನು ಅವನ ತಲೆಯ ಮೇಲೆ ಊರಿದರು. ಕೈ ಭಾರವಾಗಿತ್ತು. ಪಟ್ಟಿ ಬಿಗಿದು ಮುಗಿದಿದ್ದರೂ ಪಾನಾ ತಲೆ ಎತ್ತದೆ ಹಾಗೇ ಕೂತಿದ್ದ.