ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು

ಸರ್ಕಾರಿ ಶಾಲೆಗೆ ಮಕ್ಕಳನ್ನು ಕರೆತರುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಆ ಮಕ್ಕಳ ಅಪ್ಪ ಅಮ್ಮಂದಿರನ್ನು ಕರೆದು ನೋಡಲಿ, ಆಗ ಗೊತ್ತಾಗುತ್ತದೆ ಕಷ್ಟ ಅಂದರೆ ಏನು ಅಂತ.

ಸೀತೂರು ದಾಟಿ ಒಳಗೆ ಹೋದರೆ ಗುಡ್ಡದ ಬುಡದಲ್ಲಿರುವ ಶಾಲೆಯೊಂದಕ್ಕೆ ನಾನು ಮುಖ್ಯ ಶಿಕ್ಷಕಿ. ಕಳೆದ ವರ್ಷ ಒಂದು ಸಂಸ್ಥೆಯವರು ಬಂದು, ನಮ್ಮಲ್ಲಿ ಖಾಲಿ ಬಿದ್ದಿದ್ದ ಕೋಣೆಯನ್ನು ನೋಡಿ, ಇದನ್ನು ಸಮುದಾಯ ಶಾಲೆ ಮಾಡೋಣ ಅಂದರು. ಬುಧವಾರ ಬುಧವಾರ ಕೊಪ್ಪದಿಂದ ನರ್ಸ್ ಬರುತ್ತಾರೆ. ಮಕ್ಕಳ ಕಣ್ಣು, ಹಲ್ಲು, ತೂಕ ನೋಡುತ್ತಾರೆ. ದೊಡ್ಡವರ ಬಿಪಿ, ಶುಗರ್ ನೋಡುತ್ತಾರೆ. ವಯಸ್ಸಾದವರ ಪಿಂಚಣಿಗೆ ಸಂಸ್ಥೆಯವರೇ ಓಡಾಡುತ್ತಾರೆ. ಮನಸ್ಸಿಗೆ ಬೇಜಾರಾದವರ ಜೊತೆ ಕೂತು ಮಾತಾಡುತ್ತಾರೆ. ಎಲ್ಲವೂ ಪುಕ್ಕಟೆ. ನಾನು ಆ ಕ್ಷಣವೇ ಒಪ್ಪಿಕೊಂಡೆ.

ಒಪ್ಪಿದ್ದು ಊರಿನ ಉದ್ಧಾರಕ್ಕೆ ಎಂದು ಸಭೆಯಲ್ಲಿ ಹೇಳಿದೆ. ನಿಜ ಹೇಳಬೇಕೆಂದರೆ ಸುಲೋಚನಮ್ಮನ ಹಿಮ್ಮಡಿಗಾಗಿ ಒಪ್ಪಿದ್ದು. ಸುಲೋಚನಮ್ಮ ಎಂದರೆ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರಾದ ವೆಂಕಟರಮಣ ಅವರ ಹೆಂಡತಿ. ಮಳೆಗಾಲದಲ್ಲಿ ಆದ ಹುಣ್ಣು ಚಳಿಗಾಲಕ್ಕೂ ಮಾಗಿರಲಿಲ್ಲ. ಕೊಪ್ಪಕ್ಕೆ ಹೋಗಿ ತೋರಿಸಿ ಅಂದರೆ, "ಆಸ್ಪತ್ರೆಗೆ ಹೋದ್ರೆ ಊರೆಲ್ಲ ಎಂತ ಆಯ್ತು ಎಂತ ಆಯ್ತು ಅಂತ ಕೇಳ್ತಾರೆ ಟೀಚರೆ, ನಂಗೆ ಬ್ಯಾಡ" ಅನ್ನುತ್ತಿದ್ದರು. ಅಧ್ಯಕ್ಷರು, "ಕೆಸರು ಹುಣ್ಣು ಅದು, ಅರಿಶಿನ ಹಚ್ಚಿದ್ರೆ ಹೋಗ್ತದೆ" ಎಂದು ತೀರ್ಪು ಕೊಟ್ಟಿದ್ದರು. ಶಾಲೆಗಾದರೆ ಆಕೆ ಹೇಗೂ ಬಂದು ಹೋಗುವವರು. ಇಲ್ಲೇ ಒಂದು ಹನಿ ರಕ್ತ ತೆಗೆಸಿ ಶುಗರ್ ನೋಡಿಸಿಬಿಟ್ಟರೆ ಸಾಕು ಎಂಬುದು ನನ್ನ ಲೆಕ್ಕ.

ಕೋಣೆಗೆ ಬಣ್ಣ ಬಳಿದೆವು. ಮನಸ್ಸಿನ ಮಾತು ಹೇಳಿಕೊಳ್ಳುವವರಿಗೆ ಎಂದು ಒಂದು ಒಳ್ಳೆಯ ಕುರ್ಚಿಯನ್ನು ಕಿಟಕಿಯ ಪಕ್ಕ ಹಾಕಿದೆವು. ಆ ಕಿಟಕಿಯ ಎದುರಿಗೇ ಬಸ್ ನಿಲ್ಲುವ ಜಾಗ. ಅಲ್ಲಿ ಕೂತವರ ಗುಟ್ಟು ಬಸ್ಸಿನ ಜೊತೆಗೇ ಕೊಪ್ಪ ಸೇರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಬುಧವಾರಗಳು ಬಂದವು, ಹೋದವು. ಮಕ್ಕಳು ಸಾಲಾಗಿ ನಿಂತು ಹಲ್ಲು ತೋರಿಸಿದರು. ದೊಡ್ಡವರು ಒಬ್ಬರೂ ಇತ್ತ ತಲೆ ಹಾಕಲಿಲ್ಲ. ನರ್ಸ್ ಭವ್ಯ ಪಾಪ, ನನ್ನದೇ ಬಿಪಿಯನ್ನು ಮತ್ತೆ ಮತ್ತೆ ನೋಡಿ, ಅದು ಏರುತ್ತಿದೆ ಎಂದು ಎಚ್ಚರಿಸಿದಳು. ಹೀಗೇ ಆದರೆ ಈ ಯೋಜನೆಯನ್ನು ಬೇರೆ ಊರಿಗೆ ಕೊಡುತ್ತೇವೆ ಎಂದು ಸಂಸ್ಥೆಯವರ ಫೋನೂ ಬಂತು.

ಅಧ್ಯಕ್ಷರ ಹತ್ತಿರ ಹೋಗಿ ಗೋಳು ಹೇಳಿಕೊಂಡೆ. ಅವರು ಎಲೆ ಅಡಿಕೆ ಮೆಲ್ಲುತ್ತಾ ಕೇಳಿ, ಕೊನೆಗೆ ಬಹಳ ಬೇಸರದಿಂದ ಅಂದರು: "ಅಲ್ಲ ಟೀಚರೆ, ನೀವು ಯಾರನ್ನಾದ್ರೂ ಕರೆದಿದೀರಾ?"

"ಬೋರ್ಡ್ ಹಾಕಿದೀವಿ. ವಾಟ್ಸಾಪಲ್ಲೂ ಕಳಿಸಿದೀವಿ."

"ಬೋರ್ಡ್ ನೋಡ್ಕಂಡು ಯಾರು ಬರ್ತಾರೆ ಮಾರಾಯ್ರೆ? ಮನೆಗೆ ಬಂದು ಕರೀದೆ ನಾನಾದ್ರೂ ಹೋಗ್ತೀನಾ? ಕರೀದೆ ಹೋಗಕ್ಕೆ ಎಂತ ಮರ್ಯಾದೆ ಬಿಟ್ಟಿದೀವಾ?"

ತಪ್ಪು ನನ್ನದೇ. ಕಾಯಿಲೆ ಬಂದಿದ್ದರೂ ಕರೆಯದೆ ತಪಾಸಣೆಗೆ ಬರುವ ಜನ ನಮ್ಮವರಲ್ಲ.

ಮುಂದಿನ ಕೆಲಸವನ್ನು ಅಧ್ಯಕ್ಷರೇ ಹೊತ್ತುಕೊಂಡರು. ಕರೆಯಲು ಒಬ್ಬರೇ ಹೋಗುವ ಹಾಗಿಲ್ಲ. ಹೆಂಗಸರಿಗೆ ಕುಂಕುಮ ಕೊಟ್ಟು ಕರೆಯಲು ಹೆಂಡತಿ ಬೇಕು. ಹಾಗಾಗಿ ಸುಲೋಚನಮ್ಮ ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು, ಕುಂಕುಮದ ಬಟ್ಟಲು ಹಿಡಿದು, ಗಂಡನ ಹಿಂದೆ ಗುಡ್ಡ ಹತ್ತಿ ಇಳಿದು, ಮನೆ ಮನೆಗೆ ಹೋಗಿ ಎಲ್ಲರನ್ನೂ ಆರೋಗ್ಯ ನೋಡಿಸಿಕೊಳ್ಳಲು ಕರೆದರು. ದಾರಿಯಲ್ಲಿ ಸುಲೋಚನಮ್ಮ ಕುಂಟುವುದನ್ನು ಕಂಡು ಅವರನ್ನು ತಡೆದೆ. "ನೀವು ಮನೆಯಲ್ಲಿರಿ, ನಾನು ಹೋಗ್ತೀನಿ" ಅಂದೆ. "ನೀವು ಹೋದ್ರೆ ಅದು ಶಾಲೆಯವರು ಬಂದಂಗೆ ಆಗ್ತದೆ, ಕರೆದಂಗೆ ಆಗಲ್ಲ" ಎಂದು ನಕ್ಕರು.

ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂಬುದನ್ನು ಮಾತ್ರ ತಪ್ಪದೆ ಹೇಳಿ ಎಂದು ನಾನು ಅಧ್ಯಕ್ಷರಿಗೆ ಗಿಣಿಪಾಠ ಮಾಡಿಸಿದ್ದೆ. ಅವರು ಅದನ್ನು ಎಲ್ಲ ಮನೆಯಲ್ಲೂ ಹೇಳಿದರು. ಜನ ಬಹಳ ಖುಷಿಯಾಗಿ ಕೇಳಿಸಿಕೊಂಡರಂತೆ. ಅಕ್ಷತೆ ಕೊಟ್ಟು, ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ ಅಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಅದು ನನಗೆ ಆ ಬುಧವಾರದವರೆಗೂ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಊರಿಗೆ ಊರೇ ಬಂತು. ಗಂಡಸರು ಇಸ್ತ್ರಿ ಪಂಚೆ, ಹೆಂಗಸರು ರೇಷ್ಮೆ ಸೀರೆ. ಹಿರಿಯರಾದ ವೀರಪ್ಪನವರು ಶಾಲು ಹೊದ್ದು ಮೊದಲ ಬೆಂಚಿನಲ್ಲಿ ಕೂತಿದ್ದರು. ಆದರೆ ಭವ್ಯ ಬರಬೇಕಾದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ನಾನು ಸ್ಕೂಟರಿನಲ್ಲಿ ಹೋಗಿ ಅವಳನ್ನು ಹತ್ತಿಸಿಕೊಂಡು ಬಂದೆ.

ಬಂದು ನೋಡುತ್ತೇನೆ, ಜಗಲಿಯುದ್ದಕ್ಕೂ ಬಾಳೆ ಎಲೆ. ಎಲೆಯ ಮೇಲೆ ಒತ್ತು ಶ್ಯಾವಿಗೆ. ಅದರ ಮೇಲೆ ಬೆಲ್ಲ ಹಾಕಿದ ಕಾಯಿಹಾಲು, ಹರಿಯುವಷ್ಟು. ವೀರಪ್ಪನವರು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು.

"ಇದೆಂತ ಮಾಡಿದ್ರಿ ಅಧ್ಯಕ್ಷರೇ!" ಎಂದು ಕಿರುಚಿದೆ.

"ಮತ್ತೆಂತ ಮಾಡದು? ಹೊಟ್ಟೆ ಖಾಲಿ ಇಟ್ಕಂಡು ಬನ್ನಿ ಅಂತ ಕರೆದು, ಬಂದವ್ರನ್ನ ಹಂಗೇ ಕೂರಿಸದಾ? ನಾಳೆ ನಾನು ಊರಲ್ಲಿ ಮುಖ ಎತ್ಕಂಡು ತಿರುಗ್ಬೇಕಾ ಬ್ಯಾಡ್ವಾ?"

ಭವ್ಯ ತಲೆ ಮೇಲೆ ಕೈ ಹೊತ್ತಳು. ಆದರೂ ಬಂದ ಜನವನ್ನು ವಾಪಸ್ಸು ಕಳಿಸಲು ಮನಸ್ಸಾಗದೆ ಶುಗರ್ ಮಿಷನ್ ತೆಗೆದಳು. ಒಬ್ಬೊಬ್ಬರದ್ದೂ ಏರಿಕೊಂಡೇ ಬಂತು. ವೀರಪ್ಪನವರದ್ದು ಇನ್ನೂರು ದಾಟಿತು. ಅವರು ಶಾಲು ಸರಿಪಡಿಸಿಕೊಂಡು, ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದವರಂತೆ ಎಲ್ಲರ ಕಡೆ ನೋಡಿದರು. ಅಧ್ಯಕ್ಷರದ್ದು ಇನ್ನೂರಿಪ್ಪತ್ತು. "ಕಾಯಿಹಾಲು ಅಷ್ಟು ಚೆನ್ನಾಗಿತ್ತು" ಎಂದು ಜನ ಬಿದ್ದು ಬಿದ್ದು ನಕ್ಕರು. ಇದೆಲ್ಲ ಲೆಕ್ಕಕ್ಕಿಲ್ಲ, ಮುಂದಿನ ಬುಧವಾರ ಮತ್ತೆ ಬನ್ನಿ ಎಂದು ಭವ್ಯ ಕೈ ಮುಗಿದಳು. ಮತ್ತೆ ಕರೆಯುತ್ತೀರಾ ಎಂದು ಜನ ಅಧ್ಯಕ್ಷರನ್ನು ಕೇಳಿದರು.

ಎಲ್ಲರೂ ಹೊರಟ ಮೇಲೆ ಸುಲೋಚನಮ್ಮ ಎಂಜಲೆಲೆ ತೆಗೆಯಲು ಬಂದರು. ನಾನು ಅವರ ಕೈ ಹಿಡಿದು ಎಳೆದು ತಂದೆ.

"ನಿಮ್ಮದೊಂದು ಆಗ್ಲಿ ಬನ್ನಿ."

"ನಂದೆಂತಕ್ಕೆ? ನಾ ಕರೆದವ್ಳು. ನನ್ನ ಯಾರು ಕರೆದಿದಾರೆ?"

ಕಿಟಕಿಯ ಪಕ್ಕದ ಆ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದೆ. ಇಷ್ಟು ದಿನದಲ್ಲಿ ಅದರಲ್ಲಿ ಕೂತ ಮೊದಲಿಗರು ಅವರೇ. ಭವ್ಯ ಬೆರಳಿಗೆ ಚುಚ್ಚಿದಳು. ಮುನ್ನೂರ ಎಪ್ಪತ್ತು.

"ಭಲೇ! ನನ್ನನ್ನೂ ಮೀರಿಸಿದ್ಯಲ್ಲೆ" ಎಂದು ಅಧ್ಯಕ್ಷರು ನಕ್ಕರು. "ಪಾತ್ರೆ ಬಳಿದು ಕುಡಿದ್ಯೇನೆ?"

ಭವ್ಯಳೂ ನಕ್ಕು, "ಹೋಗಲಿ ಬಿಡಿ ಅಮ್ಮ, ಊಟ ಆದ ಮೇಲಿಂದು ಇದು" ಎಂದು ಮಿಷನ್ ಒಳಗಿಡಲು ಹೊರಟಳು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ಸುಲೋಚನಮ್ಮ ಬೆರಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದರು. "ನಾ ಎಲ್ಲಿ ತಿಂದೆ?" ಅಂದರು, ಅದೇನೂ ದೊಡ್ಡ ವಿಷಯ ಅಲ್ಲ ಎಂಬಂತೆ. "ಬಡಿಸಿ ಮುಗಿಯದ್ರೊಳಗೆ ಪಾತ್ರೆ ಖಾಲಿ. ನಿನ್ನೆ ರಾತ್ರಿ ಉಂಡಿದ್ದೇ. ಬೆಳಗಿಂದ ಶ್ಯಾವಿಗೆ ಒತ್ತದ್ರಲ್ಲಿ ಕಾಫಿನೂ ಕುಡ್ದಿಲ್ಲ."

ಇಡೀ ಊರಿನಲ್ಲಿ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ಬಂದವರು ಒಬ್ಬರೇ, ಅದೂ ಕರೆಯದೆ ಬಂದವರು.

ಭವ್ಯ ನೆಲದ ಮೇಲೆ ಕೂತು ಅವರ ಕಾಲಿನ ಬಟ್ಟೆ ಬಿಚ್ಚಿದಳು. ಹುಣ್ಣನ್ನು ನೋಡಿದವಳೇ ಹೊರಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿ ಬಂದಳು. "ನಾಳೆ ಬೆಳಿಗ್ಗೆ ಮೊದಲು ಕೊಪ್ಪದ ಆಸ್ಪತ್ರೆಗೆ ಬರ್ಬೇಕು. ಇನ್ನು ತಡ ಮಾಡಿದ್ರೆ ಕಾಲಿಗೇ ಅಪಾಯ" ಅಂದಳು. ಅಷ್ಟು ಹೊತ್ತು ನಗುತ್ತಿದ್ದ ಅಧ್ಯಕ್ಷರು ಆ ಕಾಲನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

"ನಾಳೆ ಆಗಲ್ಲ, ಮನೇಲಿ ಕೆಲ್ಸದವ್ರು ಬರ್ತಾರೆ, ಅವ್ರಿಗೆ ತಿಂಡಿ..." ಎಂದು ಸುಲೋಚನಮ್ಮ ಎದ್ದರು.

ಅಧ್ಯಕ್ಷರು ಮೇಜಿನ ಮೇಲೆ ಉಳಿದಿದ್ದ ಕುಂಕುಮದ ಬಟ್ಟಲನ್ನೂ ಅಕ್ಷತೆಯನ್ನೂ ತೆಗೆದುಕೊಂಡು ಹೆಂಡತಿಯ ಎದುರು ನಿಂತರು. ಅಷ್ಟು ಮನೆಗಳಲ್ಲಿ ನಿರರ್ಗಳವಾಗಿ ಹೇಳಿದ್ದ ಮಾತು ಈಗ ತಡವರಿಸಿತು.

"ನಾಳೆ... ಕೊಪ್ಪಕ್ಕೆ ಹೋಗದು. ನೀನು ತಪ್ಪದೆ ಬರ್ಬೇಕು."

ಆಕೆ ಗಂಡನ ಮುಖ ನೋಡಿದರು. ಬಗ್ಗಿ ಕುಂಕುಮ ಇಟ್ಟುಕೊಂಡರು, ಸೆರಗಿನಲ್ಲಿ ಅಕ್ಷತೆ ಹಿಡಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ಅಮ್ಮ, ಅಲ್ಲಿ ಮತ್ತೆ ರಕ್ತ ತೆಗೀತಾರೆ" ಎಂದು ಭವ್ಯ ಮೆಲ್ಲಗೆ ನೆನಪಿಸಿದಳು. "ಕಷ್ಟ ಆದ್ರೂ ಖಾಲಿ ಹೊಟ್ಟೇಲೇ ಬನ್ನಿ."

"ಅದ್ರಲ್ಲೆಂತ ಕಷ್ಟ ಮಾರಾಯ್ತಿ?" ಅಂದರು ಸುಲೋಚನಮ್ಮ. "ಮದುವೆ ಆಗಿ ಬಂದಾಗಿಂದ ಅದೊಂದು ಚೆನ್ನಾಗಿ ಅಭ್ಯಾಸ ಆಗಿದೆ."