ಎಡಗಾಲಿನ ಚಪ್ಪಲಿ

ಟೈಲ್ಸ್ ಮೇಸ್ತ್ರಿಯ ಎಡಗಾಲಿನ ಚಪ್ಪಲಿ ಮೊದಲ ಸಲ ಕಳಚಿಬಿದ್ದದ್ದು ನಡುರಸ್ತೆಯಲ್ಲಿ. ಬಿದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಹಿಂದಿನಿಂದ ಬರುತ್ತಿದ್ದವರು ಯಾರೋ ಕೂಗಿ ಹೇಳಿದರು. ತಿರುಗಿ ನೋಡಿದರೆ ಚಪ್ಪಲಿ ರಸ್ತೆಯ ಮಧ್ಯೆ, ಯಜಮಾನನ ಜೊತೆ ಮುನಿಸಿಕೊಂಡ ನಾಯಿಯ ಹಾಗೆ ಕೂತಿತ್ತು.

ಹೊಸ ಚಪ್ಪಲಿ. ಹೆಂಡತಿಯ ತಮ್ಮನ ಅಂಗಡಿಯದು. ಬೇರೆ ಯಾರ ಅಂಗಡಿಯದಾಗಿದ್ದರೂ ಮೇಸ್ತ್ರಿ ಸುಮ್ಮನಿರುತ್ತಿದ್ದನೋ ಏನೋ. ಭಾವಮೈದನದು ಎಂದಮೇಲೆ ಸಿಟ್ಟು ನೆತ್ತಿಗೇರಲು ಬೇರೆ ಕಾರಣ ಬೇಕೇ? ನೆಟ್ಟಗೆ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಚಪ್ಪಲಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದ. ಭಾವಮೈದ ಒಳ್ಳೆಯ ಮನುಷ್ಯ, ಪಟ್ಟಿ ಬಿಗಿಮಾಡಿ ಕೊಟ್ಟ. ಅದೂ ಬಿತ್ತು. ಬೇರೆ ಜೊತೆ ಕೊಟ್ಟ. ಅದೂ ಬಿತ್ತು. ಬೀಳುವುದರ ಜೊತೆಗೆ ಎಡ ಚಪ್ಪಲಿಯ ತುದಿ ನೆಲಕ್ಕೆ ಉಜ್ಜಿ ಉಜ್ಜಿ ಸವೆಯತೊಡಗಿತು. ಹೊಸ್ತಿಲು, ಮೆಟ್ಟಿಲು, ಎಲ್ಲಿ ನೋಡಿದರೂ ಎಡವುವುದೇ ಆಯಿತು.

ಮನೆಯಲ್ಲಿ ಮಾತ್ರ ಇದರಿಂದ ಒಂದು ಅನುಕೂಲವಾಗಿತ್ತು. ಮೇಸ್ತ್ರಿಯ ಬಲಗಾಲು ಟಕ್ ಎಂದು ಊರಿದರೆ ಎಡಗಾಲು ಪಟಾರ್ ಎಂದು ಬೀಳುತ್ತಿತ್ತು. ಟಕ್, ಪಟಾರ್. ಬೀದಿಯ ತುದಿಯಲ್ಲಿ ಆ ಸದ್ದು ಕೇಳಿದ್ದೇ ಹೆಂಡತಿ ಟೀವಿ ಆರಿಸಿ, ಹರಡಿದ್ದನ್ನೆಲ್ಲ ಎತ್ತಿಟ್ಟು, ಬೆಳಗಿನಿಂದ ದುಡಿದು ದಣಿದವಳ ಮುಖ ಮಾಡಿಕೊಳ್ಳುತ್ತಿದ್ದಳು.

ಮೇಸ್ತ್ರಿಯ ಸಿಟ್ಟಿನ ಅಡಿಯಲ್ಲಿ ಒಂದು ಹೆದರಿಕೆ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನ ಅಪ್ಪನೂ ಇದೇ ಕೆಲಸದವನು. ಒಂದು ದಿನ ಬೆಳಿಗ್ಗೆ ಬಾಗಿಲು ದಾಟುವಾಗ ಅಪ್ಪನ ಕಾಲಿನಿಂದ ಚಪ್ಪಲಿ ಜಾರಿತ್ತು. ಅಪ್ಪ ನಕ್ಕು, ಮತ್ತೆ ಮೆಟ್ಟಿಕೊಂಡು ಹೋಗಿದ್ದ. ಸಂಜೆಯ ಹೊತ್ತಿಗೆ ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಯಿತು. ಆಮೇಲೆ ಅಪ್ಪ ಗಾರೆಯ ಕರಣೆ ಹಿಡಿಯಲೇ ಇಲ್ಲ. ಹಾಗಾಗಿ ತಪ್ಪು ಚಪ್ಪಲಿಯದೇ ಆಗಬೇಕಿತ್ತು. ಚಪ್ಪಲಿ ಕೆಟ್ಟಿದೆ ಎಂದಾದರೆ ಕಾಲು ನೆಟ್ಟಗಿದೆ ಎಂದಾಯಿತಲ್ಲ. ಡಾಕ್ಟರ ಮುಂದೆ ಕೂತು ಸತ್ಯ ಕೇಳುವುದಕ್ಕಿಂತ ಭಾವಮೈದನ ಕುತ್ತಿಗೆಪಟ್ಟಿ ಹಿಡಿಯುವುದು ಎಷ್ಟೋ ಹಗುರ.

ಮೂರನೆಯ ಸಲ ಅವನು ಅಂಗಡಿಗೆ ಹೊರಟಾಗ ಹೆಂಡತಿಯೂ ಜೊತೆಗೆ ಬಂದಳು. ಹೊಡೆದಾಟವಾದರೆ ಬಿಡಿಸುವವರು ಯಾರಾದರೂ ಬೇಕಲ್ಲ.

ಅವತ್ತು ಭಾವಮೈದನ ತಾಳ್ಮೆಯೂ ಮುಗಿದಿತ್ತು. ಮೇಸ್ತ್ರಿ ಬೈದು ಮುಗಿಸಿದ ಮೇಲೆ ಹೇಳಿದ:

"ಭಾವ, ಎರಡೂ ಬಿಚ್ಚಿ. ಬರಿಗಾಲಲ್ಲಿ ಆ ಗೋಡೆವರೆಗೂ ಹೋಗಿ ಬನ್ನಿ, ನೋಡೋಣ."

"ಯಾಕೋ, ನಾನೇನು ಮದುವೆ ಹೆಣ್ಣಾ, ನಡೆಸಿ ನೋಡೋಕೆ?"

"ಹೆಣ್ಣಾಗಿದ್ರೆ ಯಾವತ್ತೋ ಬೇಡ ಅಂದು ಕಳಿಸ್ತಿದ್ದೆ. ನಡೀರಿ."

ಆ ಅಂಗಡಿಯ ನೆಲ ಮೇಸ್ತ್ರಿಯೇ ಹಾಕಿದ್ದು. ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುವಂಥ ನೆಲ. ಅದರ ಮೇಲೆ ಮೇಸ್ತ್ರಿ ಬರಿಗಾಲಲ್ಲಿ ನಡೆದ. ಟಕ್, ಪಟಾರ್. ಟಕ್, ಪಟಾರ್. ಚಪ್ಪಲಿಗಳೆರಡೂ ಮೂಲೆಯಲ್ಲಿ ತೆಪ್ಪಗೆ ಬಿದ್ದಿದ್ದವು.

ಯಾರೂ ನಗಲಿಲ್ಲ. ಭಾವಮೈದ ನಡುಹಗಲಿನ ವ್ಯಾಪಾರದ ಹೊತ್ತಿನಲ್ಲಿ, ಅಂಗಡಿಯ ಬಾಗಿಲು ಎಳೆದು ಗಾಡಿ ಕರೆದ.

ನರಗಳ ಡಾಕ್ಟರಮ್ಮ ಮೇಸ್ತ್ರಿಗಿಂತ ಖಡಕ್ಕು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ತಿಂಗಳಾಯಿತು ಎಂದು ಹೆಂಡತಿ ಹೇಳಿದ್ದೇ ತಡ, ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡಳು. ಕೈಯೋ ಕಾಲೋ ಇದ್ದಕ್ಕಿದ್ದ ಹಾಗೆ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿಬರಬೇಕು, ತಡಮಾಡಿದಷ್ಟೂ ಮಿದುಳಿಗೆ ಪೆಟ್ಟು, ಅದನ್ನು ಬಿಟ್ಟು ಚಪ್ಪಲಿ ಅಂಗಡಿಗೆ ಹೋಗುತ್ತಾರೆಯೇ ಎಂದು ಗದರಿದಳು. ಮೇಸ್ತ್ರಿಯನ್ನು ಹೀಗೆ ಬೈಯುವವರು ಹುಟ್ಟಿದ್ದಾರೆ ಎಂದು ಭಾವಮೈದನಿಗೆ ಒಳಗೊಳಗೇ ಖುಷಿ.

ಆಮೇಲೆ ಪರೀಕ್ಷೆ ಶುರುವಾಯಿತು. ನಗಿ ಎಂದಳು. ಮೇಸ್ತ್ರಿಯ ತುಟಿ ಅಲ್ಲಾಡಲಿಲ್ಲ.

"ಅದು ಕಾಯಿಲೆ ಅಲ್ಲ ಡಾಕ್ಟ್ರೇ," ಎಂದಳು ಹೆಂಡತಿ. "ಮದುವೆ ಆದಾಗಿಂದ ಹಂಗೇ."

ಆ ಮಾತಿಗೆ ಮೇಸ್ತ್ರಿಗೇ ನಗು ಬಂತು. ಎರಡು ಕಡೆಯೂ ಸಮನಾಗಿ ಬಂತು. ಎರಡು ಕೈಯನ್ನೂ ಎತ್ತಿ ಹಿಡಿದ. ಅವೂ ಸಮ. ಏನಾದರೂ ಮಾತಾಡಿ ಎಂದಾಗ ಭಾವಮೈದನ ಅಂಗಡಿಯ ಬಗ್ಗೆ ಎಷ್ಟು ಸ್ಪಷ್ಟವಾಗಿ ಮಾತಾಡಿದನೆಂದರೆ, ಡಾಕ್ಟರಮ್ಮನೇ ಸಾಕು ಸಾಕು ಎಂದು ನಿಲ್ಲಿಸಬೇಕಾಯಿತು.

ತುದಿಗಾಲಲ್ಲಿ ನಡೆಸಿದಳು. ನಡೆದ. ಹಿಮ್ಮಡಿಯ ಮೇಲೆ ನಡೆಯಲು ಹೇಳಿದಾಗ ಎಡಪಾದ ಮೇಲೇಳಲಿಲ್ಲ, ಬಾಡಿದ ಎಲೆಯ ಹಾಗೆ ಜೋತುಬಿತ್ತು. ಪಾದದ ಮೇಲೆ ಸೂಜಿ ಮುಟ್ಟಿಸಿದರೆ ಹತ್ತಿ ಮುಟ್ಟಿಸಿದ ಹಾಗಿತ್ತು. ಕೊನೆಗೆ ಮಂಡಿಯ ಹೊರಮಗ್ಗುಲಿನಲ್ಲಿ, ತುಸು ಕೆಳಗೆ ಕೈಗೆ ಸಿಗುವ ಮೂಳೆಯ ಗಂಟಿನ ಪಕ್ಕ ಬೆರಳಿನಿಂದ ತಟ್ಟಿದಳು. ಪಾದದವರೆಗೆ ಕರೆಂಟ್ ಹೊಡೆದ ಹಾಗಾಗಿ ಮೇಸ್ತ್ರಿ ಮಂಚದಿಂದ ಅರ್ಧ ಎದ್ದ.

ಕೆಲಸ ಹೇಗೆ ಮಾಡುತ್ತೀರಿ ಎಂದು ಕೇಳಿದಳು. ಮೇಸ್ತ್ರಿಗೆ ಹೆಮ್ಮೆ ಉಕ್ಕಿತು. ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತರೆ ಊಟದ ಹೊತ್ತಿಗೇ ಏಳುವುದು, ಈಚೆಗೆ ಒಂದು ದೊಡ್ಡ ಹಾಲ್ ಅವಸರದಲ್ಲಿ ಮುಗಿಸಬೇಕಾಗಿ ಊಟಕ್ಕೂ ಎದ್ದಿರಲಿಲ್ಲ ಎಂದ. ತನ್ನ ಆಳುಗಳು ಮಣೆ ಹಾಕಿಕೊಂಡು ಕೂತರೆ, ಊಟಕ್ಕೆ ಬಂದಿದ್ದೀಯೋ ಕೆಲಸಕ್ಕೆ ಬಂದಿದ್ದೀಯೋ ಎಂದು ಮಣೆಯನ್ನೇ ಒದೆಯುತ್ತಿದ್ದುದನ್ನೂ ಹೇಳಿದ.

ಈಚೆಗೆ ಮೈ ಇಳಿದಿದೆಯೇ ಎಂದಾಗ ಹೆಂಡತಿ ತಲೆ ತಗ್ಗಿಸಿದಳು. ಗಂಡನ ಹೊಟ್ಟೆ ಕರಗಿಸಲು ರಾತ್ರಿಯ ಊಟ ಬಿಡಿಸಿ, ಕರಿದ ತಿಂಡಿಗೆ ಬೀಗ ಹಾಕಿದವಳು ಅವಳೇ.

ಪಾದ ಎತ್ತುವ ನರ ಆ ಮೂಳೆಯನ್ನು ಸುತ್ತಿಕೊಂಡು ಹೋಗುತ್ತದೆ, ಅದಕ್ಕೆ ಮೇಲಿನ ತೊಗಲು ಬಿಟ್ಟರೆ ಬೇರೆ ಕಾವಲಿಲ್ಲ, ಮೈ ಇಳಿದಾಗ ಇದ್ದ ಚೂರು ಕೊಬ್ಬಿನ ಮೆತ್ತೆಯೂ ಹೋಯಿತು, ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಅದು ಅಮುಕಿಹೋಗಿದೆ ಎಂದು ಡಾಕ್ಟರಮ್ಮ ವಿವರಿಸಿದಳು.

"ನೀರಿನ ಪೈಪಿನ ಮೇಲೆ ನೀವೇ ಕೂತ್ಕೊಂಡು, ನಲ್ಲೀಲಿ ನೀರು ಬರ್ತಿಲ್ಲ ಅಂತ ನಲ್ಲಿ ಮಾರಿದವನ ಜೊತೆ ಜಗಳ ಆಡಿದ್ದೀರಿ."

ಭಾವಮೈದ ಕೆಮ್ಮಿದ. ಮೇಸ್ತ್ರಿ ಅತ್ತ ನೋಡಲಿಲ್ಲ. ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕೊನೆಗೂ ಹೊರಬಂತು.

"ನಮ್ಮಪ್ಪನಿಗೆ ಲಕ್ವ ಹೊಡೆದಿತ್ತು. ಇದು ಅದೇನಾ?"

"ಅಲ್ಲ. ಅದು ತಲೇಲಿ ಆಗೋದು. ನಿಮ್ಮದು ಮಂಡಿ ಪಕ್ಕ. ವಾಸಿಯಾಗೋ ಲಕ್ಷಣ ಚೆನ್ನಾಗಿದೆ."

ಹೆಂಡತಿ ಗಂಡನ ಮುಖ ನೋಡಿದಳು. ಇಷ್ಟು ದಿನದ ಕೂಗಾಟ ಯಾವುದಕ್ಕೆ ಎಂದು ಅವಳಿಗೆ ಈಗ ಹೊಳೆಯಿತು. ಮೇಸ್ತ್ರಿ ಕಣ್ಣು ತಪ್ಪಿಸಿ ಗೋಡೆಯ ಕಡೆ ತಿರುಗಿದ.

"ಈ ಟೈಲ್ಸ್ ಯಾವನು ಹಾಕಿದ್ದು? ಗೆರೆಯೆಲ್ಲ ಸೊಟ್ಟ," ಎಂದ. ದನಿ ಮಾತ್ರ ಸ್ವಲ್ಪ ಒದ್ದೆಯಾಗಿತ್ತು.

ನರಕ್ಕೆ ಕರೆಂಟ್ ಕೊಟ್ಟು ನೋಡುವ ಪರೀಕ್ಷೆಯಲ್ಲೂ ಅದೇ ಬಂತು. ಅಪ್ಪನ ಕಥೆ ಕೇಳಿದ ಡಾಕ್ಟರಮ್ಮ ಬಿಪಿ ನೋಡದೆ ಬಿಡಲಿಲ್ಲ, ಆಗಾಗ ನೋಡಿಸುತ್ತಿರಬೇಕೆಂದಳು. ಕುಕ್ಕರಗಾಲು ಬಂದ್, ಕಾಲ ಮೇಲೆ ಕಾಲು ಹಾಕುವುದೂ ಬಂದ್. ದಿನವೂ ಪಾದಕ್ಕೆ ಕಸರತ್ತು. ಪಾದ ಜೋತುಬೀಳದಂತೆ ಒಂದು ಪ್ಲಾಸ್ಟಿಕ್ ಆಸರೆ ಕಟ್ಟಿ, ಅದರ ಮೇಲೆ ಅಗಲವಾದ ಶೂ ಹಾಕಿಕೊಳ್ಳಬೇಕು.

ಶೂ ಎಲ್ಲಿಂದ ತರುವುದು? ಇರುವುದೊಂದೇ ಅಂಗಡಿ.

ಭಾವಮೈದ ನೆಲದ ಮೇಲೆ ಕೂತು ಅಳತೆ ತೆಗೆದು, ಶೂ ತೊಡಿಸಿ ದಾರ ಕಟ್ಟಿ, ಎದ್ದು ನಿಂತು ಹೇಳಿದ:

"ಭಾವ, ಇದೂ ಬಿದ್ದರೆ ನನ್ನ ಹತ್ರ ಬರಬೇಡಿ. ಡಾಕ್ಟರಮ್ಮನ ಹತ್ರ ಹೋಗಿ ಬೈಸ್ಕೊಳ್ಳಿ."

"ಚಪ್ಪಲಿ ಚೆನ್ನಾಗೇ ಇತ್ತು ಕಣೋ," ಎಂದ ಮೇಸ್ತ್ರಿ. ಅವನ ಬಾಯಲ್ಲಿ ಕ್ಷಮಾಪಣೆ ಎಂದರೆ ಅಷ್ಟೇ. ಭಾವಮೈದನಿಗೆ ಅದು ಸಾಕಿತ್ತು.

ಕೆಲಸದ ಜಾಗದಲ್ಲಿ ಮೇಸ್ತ್ರಿಯೇ ಮಣೆ ಹಾಕಿಕೊಂಡು ಕೂತ ದಿನ ಆಳುಗಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ಅವರು ನಗುವ ಮೊದಲೇ ಮೇಸ್ತ್ರಿ, ಊಟಕ್ಕೆ ಬಂದಿದ್ದೀನಿ, ಬಡಿಸ್ರೋ ಎಂದ. ವಾರ ಕಳೆಯುವುದರೊಳಗೆ ಎಲ್ಲರ ಅಡಿಗೂ ಒಂದೊಂದು ಮಣೆ ಬಂತು.

ತಿಂಗಳುಗಳು ಉರುಳಿದವು. ಮೊದಲು ಹೆಬ್ಬೆರಳು ಅಲ್ಲಾಡಿತು. ಅದನ್ನು ನೋಡಲು ಹೆಂಡತಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕರೆದ. ಆಮೇಲೆ ಪಾದ ಎದ್ದಿತು. ಆಸರೆ ಹೋಯಿತು, ಶೂ ಹೋಯಿತು, ಚಪ್ಪಲಿ ಮರಳಿ ಬಂತು.

ಚಪ್ಪಲಿ ಮೆಟ್ಟಿಕೊಂಡ ಮೊದಲ ದಿನವೇ ಮೇಸ್ತ್ರಿ ಬೇಗ ಮನೆಗೆ ಬಂದ. ಬೀದಿಯಲ್ಲಿ ಸದ್ದೇ ಆಗಲಿಲ್ಲ. ಬಾಗಿಲು ತೆರೆದಿತ್ತು. ಒಳಗೆ ಹೆಂಡತಿ ಮಡಿಲಲ್ಲಿ ಕರಿದ ತಿಂಡಿಯ ತಟ್ಟೆ ಇಟ್ಟುಕೊಂಡು, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ತಮ್ಮ ಮೇಸ್ತ್ರಿಯ ಹಳೆಯ ಚಪ್ಪಲಿ ಹಾಕಿಕೊಂಡು ಟಕ್, ಪಟಾರ್, ಟಕ್, ಪಟಾರ್ ಎಂದು ಕೋಣೆಯ ಉದ್ದಕ್ಕೂ ನಡೆಯುತ್ತಿದ್ದ. ತಿರುಗಿದವನು ಭಾವನನ್ನು ಕಂಡು ಒಂದು ಕಾಲು ಗಾಳಿಯಲ್ಲಿರುವಾಗಲೇ ಕಲ್ಲಾದ.

ಮೇಸ್ತ್ರಿ ಒಳಗೆ ಬಂದ. ಹೆಂಡತಿಯ ಮಡಿಲಿನಿಂದ ತಟ್ಟೆ ಎತ್ತಿಕೊಂಡ. ಮಣೆ ಎಳೆದು ಕೂತ.

"ಬಲಗಾಲು ಬಡೀತಿದ್ದೀಯಲ್ಲೋ," ಎಂದ. "ನಂದು ಎಡಗಾಲು. ಮೊದಲಿಂದ ಮಾಡು, ನೋಡ್ತೀನಿ."