ಕಾಯ್ದಾ ಅಯ್ಯಮ್ಮ

ಅಯ್ಯಮ್ಮ ಮುಂದಕ್ಕೆ ನಡೆಯುವುದು ಹಿಂದಕ್ಕೆ ನೋಡುತ್ತ. ಭತ್ತದ ಸಸಿ ಹಚ್ಚುವ, ಮೆಣಸಿನಕಾಯಿ ಬಿಡಿಸುವ ಹೆಣ್ಣಾಳುಗಳ ತಂಡವನ್ನು ಬೆನ್ನಿಗೆ ಕಟ್ಟಿಕೊಂಡು ಮೂವತ್ತು ವರ್ಷ ಕಾಲುವೆಯ ಏರಿಯ ಮೇಲೆ ನಡೆದು ನಡೆದು, ಯಾರು ಹಿಂದುಳಿದರು, ಯಾರು ಬುತ್ತಿ ಮರೆತರು, ಯಾರು ಯಾರೊಡನೆ ಮುನಿಸಿಕೊಂಡು ದೂರ ಸರಿದರು ಎಂಬುದನ್ನೆಲ್ಲ ಕತ್ತು ಹೊರಳಿಸಿ ಗಮನಿಸುವುದು ಆಕೆಗೆ ಉಸಿರಾಟದಷ್ಟು ಸಹಜವಾಗಿಬಿಟ್ಟಿದೆ. ಒಬ್ಬಳೇ ಹೊರಟಾಗಲೂ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಿ, ನಿರ್ಜನವಾದ ಹಾದಿಗೆ "ಜಲ್ದಿ ಬರ್ರಿ" ಎಂದು ಕೂಗಿದ್ದನ್ನು ನಾನೇ ಕಂಡಿದ್ದೇನೆ.

ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ. ಭತ್ತದ ಗರಿಗಳು ಕೈ ಕೊಯ್ಯದಿರಲೆಂದು ತೊಟ್ಟದ್ದು, ಈಗ ಮೈಯ ಭಾಗವೇ ಆಗಿದೆ. ಅದರ ಎದೆಯ ಜೇಬಿನಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಮತದಾರರ ಗುರುತಿನ ಚೀಟಿ. ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಕಾಯ್ದಾ ಅಂದ್ರ ಕಾಯ್ದಾ." ಸುರಪುರದ ದವಾಖಾನೆಯ ಪಾಳಿಯಲ್ಲಿ ನುಸುಳಿದ ಠೀವಿಯ ಮನುಷ್ಯನೊಬ್ಬನನ್ನು ಆಕೆ ರಟ್ಟೆ ಹಿಡಿದು ಸಾಲಿನ ಕೊನೆಗೆ ಒಯ್ದು ನಿಲ್ಲಿಸಿ, ಆತನ ಹೆಗಲ ಮೇಲಿನ ಧೂಳನ್ನೂ ತಾನೇ ಒರೆಸಿ, "ಬ್ಯಾಸರ ಮಾಡ್ಕೋಬ್ಯಾಡ್ರಿ, ಕಾಯ್ದಾ ಅಂದ್ರ ಕಾಯ್ದಾ" ಎಂದು ಸಮಾಧಾನ ಹೇಳಿ ಬಂದಳಂತೆ. ಸುತ್ತಿನ ಹಳ್ಳಿಗಳಲ್ಲಿ ಆಕೆಯ ಹೆಸರೇ ಕಾಯ್ದಾ ಅಯ್ಯಮ್ಮ.

ಆ ಮಾತನ್ನು ಆಕೆಗೆ ಕಲಿಸಿದವನು ನಾನು. ಅದೂ ಸುಳ್ಳು ಹೇಳಿ.

ಇಪ್ಪತ್ತು ವರ್ಷಗಳ ಹಿಂದೆ, ಹುಣಸಗಿಯಿಂದ ಸುರಪುರಕ್ಕೆ ಹೋಗುವ ಹಾದಿಯ ಆ ಸಣ್ಣ ಹಳ್ಳಿಗೆ ನಾನು ಹೊಸದಾಗಿ ಶಾಲಾ ಮಾಸ್ತರನಾಗಿ ಬಂದಿದ್ದೆ. ಪಾಠದ ಜೊತೆಗೆ ಮತದಾರರ ಪಟ್ಟಿಯ ಕೆಲಸವೂ ನನ್ನ ಕೊರಳಿಗೇ ಬಿದ್ದಿತ್ತು. ವಿಧಾನಸಭೆಯ ಚುನಾವಣೆ ಹತ್ತಿರ ಬಂದಾಗ, ವೈಶಾಖದ ಉರಿಬಿಸಿಲಿನಲ್ಲಿ ಮನೆಮನೆ ತಿರುಗಿ, "ತಪ್ಪದೆ ಮತ ಹಾಕಿರಿ" ಎಂದು ಹೇಳಿ ಹೇಳಿ ಗಂಟಲು ಬತ್ತಿಹೋಗಿತ್ತು. ಕಾಲುವೆ ದಂಡೆಯ ಓಣಿಗೆ ಬಂದಾಗ ಅಯ್ಯಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ತೊಟ್ಟಿಲಲ್ಲಿ ಮಗಳು ಪಂಚಶೀಲಾ ಅಳುತ್ತಿದ್ದಳು. ಒಳಗಿನ ಗೋಡೆಯ ಮೇಲೆ ಬುದ್ಧನ ಮತ್ತು ಬಾಬಾಸಾಹೇಬರ ಪಟಗಳು. ನನ್ನ ಉಪದೇಶವನ್ನೆಲ್ಲ ಕೇಳಿ ಆಕೆ ಕತ್ತೆತ್ತದೆ ಅಂದಳು:

"ಹಾಕದಿದ್ರ ಏನಾಗ್ತದ್ರಿ ಮಾಸ್ತರ?"

ಮೆಣಸಿನ ಘಾಟಿಗೆ ಸೀನುತ್ತ, ದಣಿದು, ಅರ್ಧ ಹುಡುಗಾಟಿಕೆಯಿಂದ ನಾನು ಹೇಳಿಬಿಟ್ಟೆ: "ಕಾಯ್ದಾ ಅದಬೇ. ಓಟು ಹಾಕಾದು ಕಡ್ಡಾಯ. ಹಾಕದಿದ್ರ ರೇಷನ್ ಕಾರ್ಡಿನಾಗಿಂದ ಹೆಸರು ಹೊಡೀತಾರ."

ಆ ಮಾತು ನನಗೆ ಮುಂದಿನ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಮರೆತುಹೋಯಿತು. ಅಯ್ಯಮ್ಮನಿಗೆ ಮರೆಯಲಿಲ್ಲ. ಮತದಾನದ ದಿನ ಬೆಳಗಿನ ಏಳು ಗಂಟೆಗೆ ಶಾಲೆಯ ಅಂಗಳದಲ್ಲಿ ಕುಳಿತಿದ್ದ ನಾನು ಕಂಡದ್ದೇನು! ಹಿಂದೆ ನೋಡುತ್ತ ಮುಂದೆ ಬರುತ್ತಿರುವ ಅಯ್ಯಮ್ಮ. ಆಕೆಯ ಬೆನ್ನಿಗೆ ಇಡೀ ಓಣಿ, ಮುದುಕರು, ಬಾಣಂತಿಯರು, ಮೈಯಲ್ಲಿ ಜ್ವರವಿದ್ದೂ ಟಂಟಂ ಗಾಡಿಯಲ್ಲಿ ಒರಗಿ ಕುಳಿತ ತಿಮ್ಮವ್ವ. ಆ ವರ್ಷ ನಮ್ಮ ಮತಗಟ್ಟೆಯಲ್ಲಿ ಎಂದೂ ಕಾಣದಷ್ಟು ಮತದಾನವಾಯಿತು. ಕಚೇರಿಯವರು ನನಗೆ ಪ್ರಶಂಸಾಪತ್ರ ಕೊಟ್ಟರು. ಶಹಾಪುರದ ನನ್ನ ಮನೆಯಲ್ಲಿ ಅದು ಚೌಕಟ್ಟು ಹಾಕಿಸಿಕೊಂಡು ತೂಗಿತು. ನಿಜ ಹೇಳಬೇಕೆಂದು ಒಂದೆರಡು ಸಲ ಅನ್ನಿಸಿದ್ದುಂಟು. ಆದರೆ ಚುನಾವಣೆ ಬಂದಾಗಲೆಲ್ಲ ಆ ಮೆರವಣಿಗೆಯ ಸಂಭ್ರಮವನ್ನು ಕಂಡು, ಇಷ್ಟು ಚಂದದ ಫಲವನ್ನು ಬೇರುಸಹಿತ ಕೀಳುವುದೇಕೆ ಎಂದು ಸುಮ್ಮನಾದೆ. ಹೇಡಿತನಕ್ಕೆ ಇಂಥ ಸುಂದರವಾದ ಹೆಸರುಗಳು ನನ್ನಂಥ ಓದಿದವರಿಗೆ ಬೇಗ ಹೊಳೆಯುತ್ತವೆ.

ಅಯ್ಯಮ್ಮ ಮಾತ್ರ ಆ ಕಡ್ಡಾಯವನ್ನು ಹೊರೆಯೆಂದು ತಿಳಿಯಲಿಲ್ಲ. ಹಾಕುವುದು ತಪ್ಪದು ಎಂದಮೇಲೆ ನೋಡಿ ಹಾಕಬೇಕು ಎಂಬುದು ಆಕೆಯ ತರ್ಕ. ಎರಡು ದೊಡ್ಡ ಪಕ್ಷಗಳವರೂ ಓಣಿಗೆ ಬರುತ್ತಿದ್ದರು. ಇಬ್ಬರ ಶಾಲುಗಳ ಬಣ್ಣ ಬೇರೆ, ಕೈಮುಗಿಯುವ ರೀತಿ ಒಂದೇ. ಇಬ್ಬರಿಗೂ ಆಕೆ ಚಾಪೆ ಹಾಸಿ, ನೀರು ಕೊಟ್ಟು, ಒಂದು ಪ್ರಶ್ನೆ ಕೇಳುತ್ತಿದ್ದಳು. ಗೆದ್ದವರು ಏನು ಮಾಡಿದರು ಎಂದಲ್ಲ, ಅದು ಕಣ್ಣಿಗೇ ಕಾಣುತ್ತದೆ ಎನ್ನುತ್ತಿದ್ದಳು.

ಒಮ್ಮೆ ವಿಶ್ವರಾಧ್ಯ ಬಂದಿದ್ದ. ಹಿಂದಿನ ಸಲ ಸೋತ ಪಕ್ಷದ ಪರವಾಗಿ ಆ ಭಾಗದ ಓಡಾಟವೆಲ್ಲ ಅವನದೇ. ಪ್ರಣಾಳಿಕೆಯ ಹಾಳೆ ಬಿಚ್ಚಿ ಒಂದೊಂದೇ ಓದತೊಡಗಿದಾಗ ಅಯ್ಯಮ್ಮ ಕೈಯೆತ್ತಿ ತಡೆದಳು.

"ಅದು ಆಮ್ಯಾಲ ಓದಪ್ಪ. ಹೋದ ಸಲ ನೀವು ಸೋತ್ರಿ. ಸೋತಮ್ಯಾಲ ಈ ಐದು ವರ್ಷ ಎಲ್ಲಿದ್ರಿ?"

ವಿಶ್ವರಾಧ್ಯ ಹಾಳೆಯನ್ನು ನೋಡಿದ. ಮಡಚಿ ಜೇಬಿಗಿಟ್ಟ. ಬೆವರು ಒರೆಸಿಕೊಂಡು, ಕೊನೆಗೆ ನಕ್ಕುಬಿಟ್ಟ. "ಖರೇ ಹೇಳ್ಬೇಕಂದ್ರ ಮನ್ಯಾಗ ಮಕ್ಕೊಂಡಿದ್ದೆನಬೇ."

"ಖರೇ ಹೇಳಿದಿ. ಛಾ ಕುಡದು ಹೋಗು. ಓಟಿನ ಮಾತು ಈಗ ಬ್ಯಾಡ."

ಆ ಸಲವೂ ವಿಶ್ವರಾಧ್ಯನ ಪಕ್ಷ ಸೋತಿತು. ಆದರೆ ಸೋತ ಮರುತಿಂಗಳೇ ಅವನು ಮೋಟರ್‌ಸೈಕಲ್ ಹತ್ತಿ ಓಣಿಗೆ ಬಂದ. ತಿಮ್ಮವ್ವನ ಪಿಂಚಣಿಯ ಅರ್ಜಿ ಬರೆದುಕೊಂಡ, ಕಾಲುವೆಯ ಮುರಿದ ಕಿರುಸೇತುವೆಯ ಫೋಟೊ ತೆಗೆದು ಕಚೇರಿಗೆ ಅಲೆದ. ಇದನ್ನು ಕಂಡ ಗೆದ್ದವರಿಗೆ ಕಸಿವಿಸಿಯಾಗಿ, ಅವರೂ ಓಡಿಬಂದರು. ಸೇತುವೆ ಆಯಿತು. ಯಾರಿಂದ ಆಯಿತು ಎಂಬುದರ ಬಗ್ಗೆ ಎರಡು ಪಕ್ಷಗಳಿಗೂ ಇಂದಿಗೂ ಜಗಳವಿದೆ. ಅಯ್ಯಮ್ಮ ಯಾವ ವರ್ಷ ಯಾವ ಗುಂಡಿ ಒತ್ತಿದಳೋ ಯಾರಿಗೂ ಗೊತ್ತಿಲ್ಲ. ಎರಡೂ ಕಡೆಯವರು ಆಕೆ ತಮ್ಮವಳೆಂದು ನಂಬಿಕೊಂಡು, ಸಂಶಯಪಡುತ್ತ, ಇನ್ನಷ್ಟು ಸಲ ಬಂದುಹೋಗುತ್ತಾರೆ.

ಗಂಡ ಖಂಡಪ್ಪನದು ಬೇರೆಯೇ ಜಾತಕ. ಅಪ್ಪ ಹಾಕಿದ ಪಕ್ಷಕ್ಕೇ ಹಾಕುವವನು. ಅಭ್ಯರ್ಥಿಯ ಹೆಸರನ್ನೂ ಕೇಳದವನು. ಮೃದುಸ್ವಭಾವದ, ಮಿತಭಾಷಿಯಾದ ಮನುಷ್ಯ. ಹೆಂಡತಿ ಏನು ಹೇಳಿದರೂ ಹೂಂಗುಟ್ಟುವವನು ಅದೊಂದು ವಿಷಯದಲ್ಲಿ ಮಾತ್ರ ಕಲ್ಲುಗುಂಡಿನಂತೆ ಅಲುಗದವನು.

ಕಳೆದ ಚುನಾವಣೆಗೆ ಒಂದು ವಾರವಿತ್ತು. ತೊಟ್ಟಿಲಲ್ಲಿ ಅಳುತ್ತಿದ್ದ ಪಂಚಶೀಲಾ ಈಗ ಶಹಾಪುರದಲ್ಲಿ ಕಾಲೇಜು ಕಲಿಯುತ್ತಿದ್ದಳು. ರಜೆಗೆಂದು ಊರಿಗೆ ಬಂದ ಹುಡುಗಿ, ಅವ್ವ ಫೋನಿನಲ್ಲಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರನ್ನು ಮತ ಹಾಕಲು ಬರಲೇಬೇಕೆಂದು ಗದರಿಸುತ್ತಿದ್ದುದನ್ನು ಕೇಳಿ, ನಗು ತಡೆಯಲಾರದೆ ನಿಜ ಹೇಳಿಬಿಟ್ಟಳು. ಮರುದಿನ ಬೆಳಿಗ್ಗೆ ಶಾಲೆಯ ಬೀಗ ತೆಗೆಯುತ್ತಿದ್ದೆ. ಅಯ್ಯಮ್ಮ ಬಂದು ನಿಂತಳು. ಅಂದು ಆಕೆ ಹಿಂದೆ ತಿರುಗಿ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಮಾಸ್ತರ, ನಮ್ಮ ಹುಡುಗಿ ಹೇಳಾಕತ್ತಾಳ, ಓಟು ಹಾಕಾದು ಕಡ್ಡಾಯ ಅಲ್ಲಂತ. ಹಾಕದಿದ್ರ ಯಾರೂ ಏನೂ ಮಾಡಲ್ಲಂತ. ಹೌದೇನ್ರಿ?"

"ಹೌದಬೇ" ಎಂದೆ.

"ರೇಷನ್ ಕಾರ್ಡು?"

"ಅದು ಸುಳ್ಳ. ನಾನೇ ಹೇಳಿದ್ದೆ."

ಆಕೆ ಶಾಲೆಯ ಮೆಟ್ಟಿಲ ಮೇಲೆ ಕುಳಿತಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: "ಹಂಗಾದ್ರ ಇಪ್ಪತ್ತು ವರ್ಷ ನಾ ಎಲ್ಲಾರಿಗಿ ಸುಳ್ಳ ಹೇಳೀನಿ. ಜ್ವರ ಬಂದ ಮುದುಕಿನ್ನ ಹಾಸಿಗಿಂದ ಎಬ್ಬಿಸೀನಿ. ನನ್ನ ಮಾತಂದ್ರ ಕಾಯ್ದಾ ಅಂತಾರ್ರಿ ಓಣ್ಯಾಗ."

ನಾನು ಕ್ಷಮೆ ಕೇಳಿದೆ. ಆಕೆ ಎದ್ದು ಅಂಗಿ ಕೊಡವಿದಳು. "ನನಗ ಬ್ಯಾಡ. ಸಂಜಿಗಿ ಓಣಿಗಿ ಬರ್ರಿ. ಎಲ್ಲಾರ ಮುಂದ ಹೇಳ್ರಿ."

ಸಂಜೆ ಸಮುದಾಯ ಭವನದ ಕಟ್ಟೆಯ ಮುಂದೆ ಓಣಿ ನೆರೆದಿತ್ತು. ನನ್ನ ತಪ್ಪನ್ನು ಇದ್ದಂತೆ ಹೇಳಿದೆ. ಆಮೇಲೆ ಎಂಬತ್ತರ ತಿಮ್ಮವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು.

"ಏ ಮಾಸ್ತರ! ಸಾಯೋವಷ್ಟು ಜ್ವರ ಬಂದಿದ್ದು ನನಗ. ಟಂಟಂನ್ಯಾಗ ಹೆಣ ಒಯ್ದಂಗ ಒಯ್ದ್ರು. ಆ ಕಾಯ್ದಾ ಸುಳ್ಳೇ?"

"ನಾ ತಂಗಿ ಮದುವಿ ಬಿಟ್ಟು ಯಾದಗಿರಿಯಿಂದ ಓಡಿಬಂದೀನ್ರಿ," ಎಂದಳು ದಾವಲಬೀ, ಅಯ್ಯಮ್ಮನ ತಂಡದ ಹಳೆಯ ಆಳು. "ಬಿರಿಯಾನಿ ಸೈತ ತಿಂದಿಲ್ಲ!"

ಆ ಬಿರಿಯಾನಿಯ ಮಾತಿಗೆ ಯಾರೋ ನಕ್ಕರು. ಆ ನಗು ಕಟ್ಟೆಯಿಂದ ಕಟ್ಟೆಗೆ ಹಬ್ಬಿ, ಒಬ್ಬೊಬ್ಬರೂ ತಾವು ಬಿಟ್ಟುಬಂದ ಊಟ, ಉತ್ಸವ, ನಿದ್ದೆಗಳ ಕಥೆ ಹೇಳಿ ಹೇಳಿ ಹೊಟ್ಟೆ ಹಿಡಿದುಕೊಂಡರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಅಯ್ಯಮ್ಮ ಮಾತ್ರ ನಗು ಇಳಿಯುವತನಕ ಕಾದು ಎದ್ದು ನಿಂತಳು.

"ಈ ಸಲ ನಾ ಯಾರ ಮನಿಗೂ ಬರಲ್ಲ. ಯಾರಿಗೂ ಫೋನ್ ಮಾಡಲ್ಲ. ಹೋಗೋರು ಹೋಗ್ರಿ, ಕೂಡೋರು ಕೂಡ್ರಿ. ಇದೂ ಕಾಯ್ದಾನೇ ಅದ."

ಮತದಾನದ ದಿನ ಬಂತು. ಏಳಕ್ಕೆ ಸರಿಯಾಗಿ ಅಯ್ಯಮ್ಮ ಒಬ್ಬಳೇ ಬಂದಳು, ಮತ ಹಾಕಿದಳು, ಶಾಲೆಯ ಕಂಪೌಂಡಿನ ಹೊರಗಿನ ಕಲ್ಲಿನ ಮೇಲೆ ಹೋಗಿ ಕುಳಿತಳು. ಪಟ್ಟಿ ಹಿಡಿದು ಕುಳಿತಿದ್ದ ನನಗೆ ಕಿಟಕಿಯಿಂದ ಆಕೆ ಕಾಣುತ್ತಿದ್ದಳು. ಊರಿನ ಬೇರೆ ಓಣಿಗಳ ಜನ ಬಂದುಹೋದರು. ಎಂಟಾಯಿತು, ಕಾಲುವೆ ದಂಡೆಯ ಓಣಿಯಿಂದ ಒಬ್ಬರೂ ಇಲ್ಲ. ಎಂಟೂವರೆಯಾಯಿತು. ಬಿಸಿಲು ಏರತೊಡಗಿತು. ಆಕೆ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ಇಷ್ಟು ವರ್ಷ ಈ ಜನ ಬಂದದ್ದು ಬರೀ ಅಂಜಿಕೆಯಿಂದಲೇ ಎಂಬ ಪ್ರಶ್ನೆ ಆಕೆಯನ್ನು ಎಷ್ಟು ಸುಡುತ್ತಿತ್ತೋ, ಅದನ್ನು ಹುಟ್ಟಿಸಿದವನಾದ ನನ್ನನ್ನೂ ಅಷ್ಟೇ ಸುಡುತ್ತಿತ್ತು.

ಒಂಬತ್ತಕ್ಕೆ ಕೋಲಿನ ಸದ್ದು ಕೇಳಿತು. ಟಂಟಂ ಇಲ್ಲದೆ, ಯಾರ ಕೈಯನ್ನೂ ಹಿಡಿಯದೆ, ತಿಮ್ಮವ್ವ ನಡೆದು ಬರುತ್ತಿದ್ದಳು. ಬೆನ್ನಿಗೆ ಬುತ್ತಿಗಂಟಿನೊಂದಿಗೆ ದಾವಲಬೀ, ಮೊದಲ ಸಲ ಮತ ಹಾಕುವ ಪಂಚಶೀಲಾ, ಅವರ ಹಿಂದೆ ಇಬ್ಬಿಬ್ಬರಾಗಿ, ಮೂವರಾಗಿ ಉಳಿದವರು. ಎಲ್ಲರೂ ಅಡಿಗೆ ಮುಗಿಸಿ, ಉಂಡು, ತಮಗೆ ಬೇಕಾದ ಹೊತ್ತಿಗೆ ಹೊರಟವರು. ಅಯ್ಯಮ್ಮ ಕಲ್ಲಿನಿಂದ ಎದ್ದಳು.

"ಯಾಕ ಬಂದಿಬೇ ಯಮ್ಮ? ಯಾರ್ ಕರದ್ರು?"

"ಯಾರೂ ಕರದಿಲ್ಲ, ಅದಕ್ಕs ಬಂದೀನಿ," ಎಂದಳು ತಿಮ್ಮವ್ವ. "ಇಷ್ಟು ದಿನ ನಿನ್ನ ಅಂಜಿಕಿಗಿ ಹಾಕಿದೆ. ಈ ಸಲ ನಂದು ನಾ ಹಾಕ್ತೀನಿ. ಸರಿ ಆಕಡಿ."

ಅಯ್ಯಮ್ಮ ಸರಿದು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೆಂದುಕೊಂಡೆ. ಬೆವರಾಗಿರಲಿಕ್ಕಿಲ್ಲ.

ಸಂಜೆಯ ಹೊತ್ತಿಗೆ ಓಣಿಯ ಲೆಕ್ಕದಲ್ಲಿ ಆರು ಮಂದಿ ಉಳಿದಿದ್ದರು. ಐವರು ಬೆಂಗಳೂರಿನಿಂದ ಬಾರದವರು. ಆರನೆಯವನು ಖಂಡಪ್ಪ! ಕಡ್ಡಾಯವಿಲ್ಲವೆಂದು ತಿಳಿದ ದಿನವೇ ಅವನು, ಈ ಸಲ ಮನೆಯ ನೆರಳಲ್ಲಿ ಮಲಗುವುದಾಗಿ ಸಾರಿಬಿಟ್ಟಿದ್ದ. ಹೆಂಡತಿ ಅವನನ್ನು ತಡೆದಿರಲಿಲ್ಲ. ಮಧ್ಯಾಹ್ನ ರೊಟ್ಟಿ ಬಡಿಸುವಾಗ ಮಾತ್ರ, "ಭಾಳ ಚಲೋ ಆತು ನೋಡು. ಒಮ್ಮೊಮ್ಮಿ ನನ್ನ ಓಟು ನಿನ್ನ ಓಟು ಬಡದಾಡಿ ಎರಡೂ ಸಾಯ್ತಿದ್ದವು. ಈ ಸಲ ನಂದು ಜೀವಂತ ಉಳೀತು" ಎಂದಳಂತೆ. ಖಂಡಪ್ಪ ಎರಡು ರೊಟ್ಟಿ ತಿಂದ. ಮಲಗಿದ. ನಿದ್ದೆ ಬರಲಿಲ್ಲ. ಆರಕ್ಕೆ ಹತ್ತು ನಿಮಿಷವಿರುವಾಗ, ಬಾಗಿಲು ಮುಚ್ಚುವ ಸಿದ್ಧತೆಯಲ್ಲಿದ್ದ ಮತಗಟ್ಟೆಯತ್ತ, ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಮಗಳ ಚಪ್ಪಲಿ ಮೆಟ್ಟಿಕೊಂಡು, ಧೋತರ ಎತ್ತಿ ಹಿಡಿದು ಅವನು ಓಡಿಬಂದ.

"ಮಾಸ್ತರ, ಬಂದ್ ಮಾಡಬ್ಯಾಡ್ರೀ! ಆಕಿದೊಂದs ಉಳೀತದ!"

ಹೊರಗೆ ಕಲ್ಲಿನ ಬಳಿ ನಿಂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಅಯ್ಯಮ್ಮ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಬಂದ ಗಂಡನನ್ನು ಆಕೆ ಮೇಲಿನಿಂದ ಕೆಳಗೆ ನೋಡಿ, "ನಡಿ, ಛಾ ಕುಡಿಸ್ತೀನಿ. ಸಾಯ್ಲಿ ಎರಡೂ" ಎಂದಳು.

ಮರುವಾರ ನಾನು ಮನೆಯ ಗೋಡೆಯಿಂದ ಪ್ರಶಂಸಾಪತ್ರವನ್ನು ಇಳಿಸಿದೆ. ಅಯ್ಯಮ್ಮನಂಥವರ ಬಗ್ಗೆ ಈಚೆಗೆ ಬಹಳ ಯೋಚಿಸುತ್ತೇನೆ. ಊರಿಗೆ ಒಬ್ಬರೋ ಇಬ್ಬರೋ ಇಂಥವರಿರುತ್ತಾರೆ. ಅವರ ಭಾವಚಿತ್ರ ಯಾವ ಬ್ಯಾನರಿನಲ್ಲೂ ಬರುವುದಿಲ್ಲ, ಅವರು ಯಾರ ಪಕ್ಷದವರೆಂದು ಯಾರಿಗೂ ತಿಳಿಯುವುದಿಲ್ಲ. ಕಾನೂನು ಬಲ್ಲ ನಾವು ಅದರಲ್ಲಿ ನಮಗಿರುವ ವಿನಾಯಿತಿಯನ್ನು ಮೊದಲು ಹುಡುಕುತ್ತೇವೆ. ಅವರು ಅದರಲ್ಲಿ ತಮಗೆ ವಹಿಸಿದ ಕೆಲಸವನ್ನು ಹುಡುಕುತ್ತಾರೆ. ನಾವು ಉಡಾಫೆಯಿಂದ ಎಸೆದ ಮಾತನ್ನು ಎತ್ತಿಕೊಂಡು, ತೊಳೆದು, ಅದಕ್ಕೆ ತಕ್ಕಂತೆ ಬಾಳಿಬಿಡುತ್ತಾರೆ. ಅದು ಹುಸಿಯೆಂದು ಗೊತ್ತಾದಾಗ ಮಾತನ್ನು ಬಿಡುತ್ತಾರೆಯೇ ಹೊರತು ಬಾಳನ್ನು ಬಿಡುವುದಿಲ್ಲ. ನಾವು ಸುಳ್ಳು ಹೇಳಿ ಕಲಿಸಿದರೂ ಅವರು ಕಲಿಯುವುದು ನಿಜವನ್ನೇ.